ಒಂದೇ ಕಿವಿಯ ಮದುಮಗಳು

ಫೋಟೋ ತೆಗೆಯುವವರಲ್ಲಿ ಎರಡು ಬಗೆ. ಮುಖ ನೋಡಿ ತೆಗೆಯುವವರು ಒಂದು, ಕಿವಿ ನೋಡಿ ತೆಗೆಯುವವರು ಇನ್ನೊಂದು. ಎರಡನೆಯ ಬಗೆಗೆ ಸೇರಿದವರು ಇಡೀ ಭೂಮಂಡಲದಲ್ಲಿ ಒಬ್ಬರೇ ಇದ್ದರು. ಅವರ ಅಂಗಡಿ ಒಂದು ದರ್ಜಿಯ ಅಂಗಡಿಗೂ ಒಂದು ಕ್ಷೌರದ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಿತ್ತು.

ಇಪ್ಪತ್ತೆಂಟು ವರ್ಷದಿಂದ ಅವರ ಮುಖ್ಯ ಕಸುಬು ಅರ್ಜಿಗೆ ಅಂಟಿಸುವ ಫೋಟೋ. "ಗದ್ದ ಸ್ವಲ್ಪ ಮೇಲೆ. ಕಣ್ಣು ಇಲ್ಲಿ. ನಗಬೇಡಿ. ಎರಡೂ ಕಿವಿ ಕಾಣಲಿ." ಈ ನಾಲ್ಕು ಮಾತನ್ನು ಅವರು ನಿದ್ದೆಯಲ್ಲೂ ಹೇಳುತ್ತಿದ್ದರು ಎಂಬುದಕ್ಕೆ ಅವರ ಹೆಂಡತಿಯೇ ಸಾಕ್ಷಿ. ಆಗೊಮ್ಮೆ ಈಗೊಮ್ಮೆ ಯಾರಾದರೂ ಮದುವೆಗೆ ಕರೆದರೆ ಅಲ್ಲಿಯೂ ಅದೇ ಮಂತ್ರ. ಅವರು ಮಾಡಿಕೊಟ್ಟ ಆಲ್ಬಮ್ ತೆರೆದರೆ ಗಂಡು ಹೆಣ್ಣು ಇಬ್ಬರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಈಗಷ್ಟೇ ಪೊಲೀಸರ ಕೈಗೆ ಸಿಕ್ಕವರ ಹಾಗೆ ನೆಟ್ಟಗೆ ಕೂತಿರುತ್ತಿದ್ದರು. ಏನೇ ಆಗಲಿ, ಪುಟಕ್ಕೆ ನಾಲ್ಕು ಕಿವಿ ಮಾತ್ರ ಗ್ಯಾರಂಟಿ. ಜನ ಎದುರಿಗೆ "ಸಾರ್" ಎನ್ನುತ್ತಿದ್ದರು, ಬೆನ್ನ ಹಿಂದೆ "ಎರಡ್ಕಿವಿ" ಎನ್ನುತ್ತಿದ್ದರು. ನಾವು ಅವರ ಮನಸ್ಸನ್ನೂ ಜನರ ಮನಸ್ಸನ್ನೂ ನೋಯಿಸದೆ ಎರಡ್ಕಿವಿಯವರು ಎನ್ನೋಣ.

ಅವರ ಸ್ವಂತ ಮದುವೆಯ ಫೋಟೋ ಕೂಡ ಅಂಗಡಿಯ ಗೋಡೆಯ ಮೇಲಿತ್ತು. ಅದರಲ್ಲಿ ಅವರ ಹೆಂಡತಿ ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕೂತಿದ್ದಾರೆ. "ನಗ್ತಾ ಇದ್ದೆ, ಇವರೇ ತಡೆದರು," ಎಂದು ಆಕೆ ಬಂದ ಗಿರಾಕಿಗಳಿಗೆಲ್ಲ ಇಂದಿಗೂ ಹೇಳುತ್ತಾರೆ.

ಇಂಥ ಎರಡ್ಕಿವಿಯವರ ಬಾಳಿನಲ್ಲಿ ಒಂದು ಘಟನೆ ನಡೆಯಿತು. ಯಾವುದೋ ಮದುವೆ. ಮುಖ್ಯ ಕಾರ್ಯವೆಲ್ಲ ಮುಗಿದು ಜನ ಊಟಕ್ಕೆ ಹೋಗಿದ್ದರು. ಗಂಡು, ಪಾಪ, ತನಗೆ ಇನ್ನೂ ಮೂರು ದಿನ ರಜೆ ಯಾಕೆ ಬೇಕು ಎಂದು ತನ್ನ ಮ್ಯಾನೇಜರಿಗೆ ಫೋನಿನಲ್ಲಿ ವಿವರಿಸಲು ಹೊರಗೆ ಹೋಗಿದ್ದ. ವೇದಿಕೆಯ ಮೇಲೆ ಮದುಮಗಳು ಒಬ್ಬಳೇ, ಪಕ್ಕದಲ್ಲಿ ಖಾಲಿ ಕುರ್ಚಿ. ಅವಳ ಕೂದಲಿನ ಎಳೆಯೊಂದು ಜಾರಿ ಬಲಗಿವಿಯನ್ನು ಮುಚ್ಚಿತ್ತು. ಎರಡ್ಕಿವಿಯವರಿಗೆ ತಡೆಯಲಾಗಲಿಲ್ಲ. "ಅಮ್ಮಾ, ಆ ಕೂದಲು ಸ್ವಲ್ಪ ಹಿಂದೆ, ಎರಡೂ ಕಿವಿ..." ಎನ್ನುತ್ತಾ ಹಿಂದೆ ಹಿಂದೆ ಸರಿದರು. ಲೈಟಿನ ವೈರು ಕಾಲಿಗೆ ತೊಡರಿತು. ಎಡಗಾಲಿನ ಚಪ್ಪಲಿ ಆಕಾಶಕ್ಕೆ ಹೋಯಿತು, ಬಲಗೈಯ ಬೆರಳು ಗುಂಡಿ ಒತ್ತಿತು, ಉಳಿದ ಎರಡ್ಕಿವಿಯವರು ಹೂಗುಚ್ಛ ತಂದಿದ್ದ ರಟ್ಟಿನ ಪೆಟ್ಟಿಗೆಯೊಳಗೆ ಕೂತರು. ಕೂತದ್ದಷ್ಟೇ ಅಲ್ಲ, ಸಿಕ್ಕಿಕೊಂಡರು. ಎದ್ದು ನಾಲ್ಕು ಹೆಜ್ಜೆ ನಡೆದರೂ ಪೆಟ್ಟಿಗೆ ಅವರನ್ನು ಬಿಡಲಿಲ್ಲ.

ಚಪ್ಪಲಿ ಹಾರಿದ ಕ್ಷಣದಿಂದಲೇ ಮದುಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಮ್ಮಾ, ಇದು ನಮ್ಮಿಬ್ಬರಲ್ಲೇ ಇರಲಿ. ಇಪ್ಪತ್ತೆಂಟು ವರ್ಷದ ಮರ್ಯಾದೆ," ಎಂದು ಎರಡ್ಕಿವಿಯವರು ಪೆಟ್ಟಿಗೆ ಸಮೇತ ಕೈಮುಗಿದರು.

"ಯಾರಿಗೂ ಹೇಳಲ್ಲ ಅಂಕಲ್, ಮಾತು ಕೊಟ್ಟೆ," ಎಂದಳು ಅವಳು. ಆ ಹುಡುಗಿ ಕೊಟ್ಟ ಮಾತಿಗೆ ತಪ್ಪುವವಳಲ್ಲ ಎಂಬುದನ್ನು ನೀವು ನೆನಪಿಟ್ಟುಕೊಳ್ಳಬೇಕು. ಎರಡ್ಕಿವಿಯವರು ಮರೆತರು.

ಬಿದ್ದಾಗ ತೆಗೆದ ಆ ಫೋಟೋ ಆಲ್ಬಮ್ಮಿಗೆ ಹೋಗಲಿಲ್ಲ. ಹೇಗೆ ಹೋದೀತು? ಚೌಕಟ್ಟು ಓರೆ, ಗಂಡೇ ಇಲ್ಲ, ಹೊಟ್ಟೆ ಹಿಡಿದು ನಗುತ್ತಿರುವ ಹೆಣ್ಣಿಗೆ ಒಂದೇ ಕಿವಿ, ಮೇಲಿನ ಮೂಲೆಯಲ್ಲಿ ಕಪ್ಪಗೆ ಏನೋ ಮಸುಕು. ಕೆಟ್ಟುಹೋದ ಪ್ರಿಂಟುಗಳ ಕಟ್ಟಿನಲ್ಲಿ ಅದು ಮೂರು ತಿಂಗಳು ಬಿದ್ದಿತ್ತು. ಒಂದು ದಿನ ಅಂಗಡಿಯ ಶೋಕೇಸಿನ ಗಾಜು ಬಿರುಕು ಬಿಟ್ಟಿತು. ಹೆಂಡತಿ ಆ ಕಟ್ಟಿನಿಂದ ಕೈಗೆ ಸಿಕ್ಕ ಇದೇ ದೊಡ್ಡ ಪ್ರಿಂಟನ್ನು ಬಿರುಕಿನ ಮೇಲೆ ಅಂಟಿಸಿದರು. ಕಲೆಯ ಇತಿಹಾಸದಲ್ಲಿ ಗೋಂದಿನ ಪಾತ್ರವನ್ನು ಯಾರೂ ಇನ್ನೂ ಸರಿಯಾಗಿ ಬರೆದಿಲ್ಲ.

ಮಾರನೆಯ ವಾರವೇ ಪತ್ರಿಕೆಯೊಂದರ ಭಾನುವಾರದ ಪುರವಣಿಯ ವರದಿಗಾರ್ತಿ ಡ್ರೈವಿಂಗ್ ಲೈಸೆನ್ಸಿಗೆ ಫೋಟೋ ತೆಗೆಸಲು ಬಂದಳು. ಶೋಕೇಸಿನ ಮುಂದೆ ನಿಂತವಳು ಒಳಗೇ ಬರಲಿಲ್ಲ.

"ಸಾರ್, ಇದನ್ನ ತೆಗೆದಿದ್ದು ಯಾರು?"

"ಅದು... ಕ್ಯಾಮೆರಾ ಸ್ವಲ್ಪ ಹಳೇದು ನೋಡಿ..." ಎಂದು ಎರಡ್ಕಿವಿಯವರು ಶುರುಮಾಡಿದರು.

"ಎಂಥಾ ಫೋಟೋ ಸಾರ್! ನಾನು 'ನೆನಪಲ್ಲಿ ಉಳಿಯುವ ಮದುವೆ ಚಿತ್ರಗಳು, ಅವುಗಳ ಹಿಂದಿನ ಕಥೆಗಳು' ಅಂತ ಬರೀತಾ ಇದೀನಿ. ಇಂಥದ್ದನ್ನೇ ಹುಡುಕ್ತಾ ಇದ್ದೆ!"

"...ನಾನೇ ತೆಗೆದಿದ್ದು," ಎಂದು ಎರಡ್ಕಿವಿಯವರು ಅದೇ ವಾಕ್ಯವನ್ನು ಮುಗಿಸಿದರು.

ಆಮೇಲೆ ನಡೆದದ್ದಕ್ಕೆ ಅವರೊಬ್ಬರನ್ನೇ ದೂರುವುದು ತಪ್ಪು. ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಅವರನ್ನು "ಯಾಕೆ ಹೀಗೆ ತೆಗೆದಿರಿ" ಎಂದು ಜಗಳಕ್ಕಲ್ಲದೆ ಕೇಳಿರಲಿಲ್ಲ.

"ಕುರ್ಚಿ ಯಾಕೆ ಖಾಲಿ ಬಿಟ್ರಿ ಸಾರ್?"

"ಖಾಲಿ ಕುರ್ಚಿ ಖಾಲಿ ಅಲ್ಲಮ್ಮ," ಎಂದರು ಎರಡ್ಕಿವಿಯವರು. ಹೇಳಿ ತಾವೇ ಬೆಚ್ಚಿದರು.

"ಅಬ್ಬಾ! ಮತ್ತೆ ಒಂದೇ ಕಿವಿ?"

"ಒಂದು ಕಿವಿ ಲೋಕಕ್ಕೆ. ಇನ್ನೊಂದು ಅವಳ ಮನಸ್ಸಿಗೆ."

"ಈ ಮೂಲೇಲಿ ಕಪ್ಪಗೆ ಇರೋದು?"

ಅದು ಅವರ ಎಡಗಾಲಿನ ಚಪ್ಪಲಿ. "ಅದು ಆತಂಕ," ಎಂದರು ಎರಡ್ಕಿವಿಯವರು. "ಎಂಥಾ ಸುಖದ ಮೂಲೇಲೂ ಒಂದು ಆತಂಕ ಇದ್ದೇ ಇರುತ್ತೆ. ಅದು ಬರೋವರೆಗೂ ನಾನು ಹನ್ನೊಂದು ನಿಮಿಷ ಉಸಿರು ಬಿಗಿಹಿಡಿದು, ಅಲುಗಾಡದೆ ನಿಂತಿದ್ದೆ."

ವರದಿಗಾರ್ತಿಯ ಪೆನ್ನು ಓಡಿತು. ಕೊನೆಗೆ ಅವಳು ಸ್ವರ ತಗ್ಗಿಸಿ ಕೇಳಿದಳು: "ಅವಳು ನಗ್ತಾ ಇರೋದು ಯಾರನ್ನ ನೋಡಿ ಸಾರ್?"

ಎರಡ್ಕಿವಿಯವರು ಸೊಂಟದ ಮೇಲೆ ಕೈಯಿಟ್ಟುಕೊಂಡರು. ಅಲ್ಲಿ ಇನ್ನೂ ಒಂದಿಷ್ಟು ನೋವು ಉಳಿದಿತ್ತು. "ಅದೊಂದು ಮಾತ್ರ ಕೇಳಬೇಡಮ್ಮ. ಆ ಹೆಸರು ನನ್ನ ಜೊತೆಗೇ ಹೋಗುತ್ತೆ."

ಭಾನುವಾರ ಫೋಟೋ ಅರ್ಧ ಪುಟಕ್ಕೆ ಬಂತು. ತಲೆಬರಹ: 'ಆ ಹೆಸರು ನನ್ನ ಜೊತೆಗೇ ಹೋಗುತ್ತದೆ.'

ಬೀದಿಗೆ ಬೀದಿಯೇ ಎದ್ದು ಕೂತಿತು. ಪಕ್ಕದ ದರ್ಜಿ ಪುರವಣಿಯನ್ನು ಕತ್ತರಿಸಿ ತನ್ನ ಹೊಲಿಗೆ ಯಂತ್ರದ ಮೇಲೆ ಅಂಟಿಸಿಕೊಂಡ. "ನಮ್ಮ ಪಕ್ಕದಲ್ಲೇ ಇಷ್ಟು ದೊಡ್ಡ ಮನುಷ್ಯ ಇದ್ರಲ್ಲ, ನಾನು ಇವರ ಪ್ಯಾಂಟನ್ನ ಎಷ್ಟು ಸಲ ಗಿಡ್ಡ ಮಾಡಿದೀನೋ," ಎಂದು ಕಣ್ಣೊರೆಸಿಕೊಂಡ. ಕ್ಷೌರದವನು ಎಲ್ಲ ಗಿರಾಕಿಗಳಿಗೂ "ಎಡಗಿವಿ ಮುಚ್ಚಲೋ, ಬಲಗಿವಿ ಮುಚ್ಚಲೋ?" ಎಂದು ಕೇಳತೊಡಗಿದ. ಫೋಟೋಗ್ರಾಫರುಗಳ ಸಂಘದವರು ಮುಂದಿನ ಭಾನುವಾರ ಸನ್ಮಾನ ಇಟ್ಟುಕೊಂಡರು. ಭಾಷಣದ ವಿಷಯ: ಖಾಲಿ ಕುರ್ಚಿಯ ತತ್ವ.

ಎರಡ್ಕಿವಿಯವರಿಗೂ ತಲೆ ನಿಲ್ಲಲಿಲ್ಲ. ಅರ್ಜಿಯ ಫೋಟೋಗಳನ್ನೂ ಓರೆಯಾಗಿ, ಒಂದೇ ಕಿವಿಯಲ್ಲಿ, ಮೂಲೆಗೊಂದು ಆತಂಕ ಇಟ್ಟು ತೆಗೆಯತೊಡಗಿದರು. ನಾಲ್ಕನೆಯ ದಿನ ಲೈಸೆನ್ಸ್ ಕಚೇರಿಯಿಂದ ಹದಿನೇಳು ಅರ್ಜಿಗಳ ಕಟ್ಟು ವಾಪಸ್ಸು ಬಂತು. ಮೇಲೆ ಗುಮಾಸ್ತರ ಕೈಬರಹ: 'ಸದರಿ ಅರ್ಜಿದಾರರೆಲ್ಲರಿಗೂ ಒಂದೊಂದೇ ಕಿವಿ ಇರುವುದು ನಿಜವೇ? ಹೌದಾದಲ್ಲಿ ವೈದ್ಯರ ದೃಢೀಕರಣ ಲಗತ್ತಿಸಿ. ಅಲ್ಲವಾದಲ್ಲಿ ಉಳಿದ ಹದಿನೇಳು ಕಿವಿಗಳನ್ನು ಕೂಡಲೇ ಹಾಜರುಪಡಿಸಿ.'

"ಕಲೆ ಅರ್ಥ ಆಗಲ್ಲ ಈ ಜನಕ್ಕೆ," ಎಂದರು ಎರಡ್ಕಿವಿಯವರು.

"ನನಗೂ ಆಗಲ್ಲ," ಎಂದರು ಹೆಂಡತಿ. "ರೀ, ಆ ಮದುವೆಯಿಂದ ಬಂದ ದಿನ ನಿಮ್ಮ ಸೊಂಟ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಸ್ಟ್ಯಾಂಡು ಭಾರ ಇತ್ತು ಅಂದ್ರಿ. ಹನ್ನೊಂದು ನಿಮಿಷ ಅಲುಗಾಡದೆ ನಿಂತೋರಿಗೆ ಸೊಂಟ ಯಾಕೆ ಊದುತ್ತೆ?"

ಎರಡ್ಕಿವಿಯವರು ಅರ್ಜಿಗಳ ಕಟ್ಟನ್ನು ಮೇಜಿನ ಕೆಳಗೆ ತಳ್ಳುತ್ತಿರುವಾಗಲೇ ಅಂಗಡಿಯ ಬಾಗಿಲಲ್ಲಿ ಇಬ್ಬರು ಬಂದು ನಿಂತರು. ಒಬ್ಬ, ಆ ಮದುವೆಯ ಗಂಡು. ಇನ್ನೊಬ್ಬರು ಅವನ ಸೋದರತ್ತೆ, ಮೂವತ್ತೆರಡು ವರ್ಷ ಶಾಲೆಯಲ್ಲಿ ಹೆಡ್‌ಮಿಸ್ಸಾಗಿದ್ದು ನಿವೃತ್ತರಾದವರು.

"ಕೂತ್ಕೊಳ್ಳಿ," ಎಂದರು ಅತ್ತೆ, ಅಂಗಡಿ ತಮ್ಮದೇ ಎಂಬಂತೆ.

ಎರಡ್ಕಿವಿಯವರು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಇಷ್ಟು ವರ್ಷದಲ್ಲಿ ಆ ಕಡೆ ಕೂತದ್ದು ಅದೇ ಮೊದಲು. ಗದ್ದ ತಾನಾಗಿಯೇ ಸ್ವಲ್ಪ ಮೇಲೆ ಹೋಯಿತು.

"ಸಾರ್," ಎಂದ ಗಂಡು. ದನಿ ಸೋತುಹೋಗಿತ್ತು. "ಅವಳು ತವರಿಗೆ ಹೋಗಿ ಎರಡು ದಿನ ಆಯ್ತು. ನಾನು ಹೋಗು ಅನ್ನಲಿಲ್ಲ ಸಾರ್. ಪೇಪರ್ ನೋಡಿ, ಯಾರನ್ನ ನೋಡಿ ನಕ್ಕೆ ಅಂತ ಕೇಳಿದೆ, ಅಷ್ಟೇ. ಮಾತು ಕೊಟ್ಟಿದೀನಿ, ಹೇಳಲ್ಲ ಅಂದ್ಲು. ಯಾರಿಗೆ ಕೊಟ್ಟ ಮಾತು? ಎರಡು ದಿನ ಆದ್ಮೇಲೆ, ಫೋಟೋದ ಅಂಕಲ್ ಬಿದ್ರು, ಅದಕ್ಕೆ ನಕ್ಕೆ ಅಂದ್ಲು. ನಮ್ಮ ಮನೇಲಿ ಯಾರೂ ನಂಬಲಿಲ್ಲ. ನಂಬದೇ ಇರೋ ಮನೇಲಿ ಇರಲ್ಲ ಅಂತ ಎದ್ದು ಹೋದ್ಲು."

"ನಂಬೋದು ಹೇಗೆ?" ಎಂದರು ಅತ್ತೆ, ಪುರವಣಿಯನ್ನು ಬಿಡಿಸುತ್ತಾ. ಅದರ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. "ಇಲ್ಲಿ ನೀವು ಹನ್ನೊಂದು ನಿಮಿಷ ಅಲುಗಾಡದೆ ನಿಂತಿದ್ದೆ ಅಂತ ಅಚ್ಚಾಗಿದೆ. ನಿಂತೋರು ಬಿದ್ದದ್ದು ಯಾವಾಗ? ಆ ಹೆಸರು ಹೇಳಿ, ನಾವು ಹೋಗ್ತೀವಿ."

ಎರಡ್ಕಿವಿಯವರು ಬಾಗಿಲ ಕಡೆ ನೋಡಿದರು. ಅಲ್ಲಿ ಕೊರಳಿಗೆ ಟೇಪು ಹಾಕಿಕೊಂಡ ದರ್ಜಿ, ಕೈಯಲ್ಲಿ ಕತ್ತರಿ ಹಿಡಿದ ಕ್ಷೌರದವನು, ಅರ್ಧ ಗಡ್ಡದ ಗಿರಾಕಿ ಒಬ್ಬ, ಎಲ್ಲರೂ ಜಮಾಯಿಸಿದ್ದರು. ಭಾನುವಾರಕ್ಕೆ ಇನ್ನು ಮೂರೇ ದಿನ. ಮರ್ಯಾದೆ ಎಂಬುದು ಬಂದು ಇನ್ನೂ ನಾಲ್ಕು ದಿನ ಆಗಿತ್ತಷ್ಟೆ.

"ನೋಡಿ ತಾಯಿ, ವೃತ್ತಿಧರ್ಮ ಅಂತ ಒಂದಿರುತ್ತೆ..." ಎಂದು ಶುರುಮಾಡಿದರು.

ಗಂಡು ಗೋಡೆಯ ಕಡೆ ತಿರುಗಿಕೊಂಡ. "ಹೆಸರೂ ಬೇಡ ಸಾರ್," ಎಂದ. "ಮದುವೆಯಾಗಿ ಮೂರು ತಿಂಗಳಾಯ್ತು. ನನ್ನ ಜೊತೆ ಒಂದು ದಿನಾನೂ ಅವಳು ಹಾಗೆ ನಕ್ಕಿಲ್ಲ. ಅದು ಯಾರ ಹತ್ರ ನಕ್ಕ ನಗು ಅಂತ ಯೋಚನೆ ಮಾಡಿದ್ರೆ ಊಟ ಸೇರಲ್ಲ."

ಎರಡ್ಕಿವಿಯವರು ಸ್ಟೂಲಿನಿಂದ ಎದ್ದರು. ಆ ಹುಡುಗಿ ಎರಡು ದಿನ ಬಾಯಿ ಬಿಡದೆ ಬೈಸಿಕೊಂಡದ್ದು ತಮ್ಮ ಮರ್ಯಾದೆಗಾಗಿ. ತಾವು ಆ ಮರ್ಯಾದೆಯನ್ನು ಅರ್ಧ ಪುಟಕ್ಕೆ ಹಾಕಿಸಿಕೊಂಡು ಮೆರೆಯುತ್ತಿದ್ದರು. ಅವರಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು.

"ನನ್ನನ್ನ ನೋಡಿನೇ ಕಣಪ್ಪ," ಎಂದುಬಿಟ್ಟರು. "ಬಿದ್ದೆ. ಪೆಟ್ಟಿಗೆ ಒಳಗೆ ಬಿದ್ದೆ. ಆತಂಕವೂ ಅಲ್ಲ, ಮಣ್ಣೂ ಅಲ್ಲ, ಅದು ನನ್ನ ಚಪ್ಪಲಿ."

ಮೊದಲು ಬಿಕ್ಕಿದವನು ದರ್ಜಿ. "ಎಂಥ ದೊಡ್ಡ ಮನಸ್ಸು! ಒಂದು ಹೆಣ್ಣುಮಗಳ ಮಾನ ಉಳಿಸೋಕೆ ತಮ್ಮ ಮಾನಾನೇ ಕಳ್ಕೊಳ್ತಿದಾರೆ ನೋಡ್ರೋ!"

"ಅಯ್ಯೋ, ನಿಜವಾಗ್ಲೂ ಬಿದ್ದೆ ಕಣೋ!"

"ಇವರ ಬಾಯಲ್ಲಿ ಸುಳ್ಳು ಕೂಡ ಎಷ್ಟು ಚೆಂದ," ಎಂದ ಕ್ಷೌರದವನು.

ಅತ್ತೆ ಕನ್ನಡಕ ಏರಿಸಿ ಪುರವಣಿಯನ್ನು ನೋಡಿದರು. "ಚಪ್ಪಲಿ ಅಂತ ಎಲ್ಲೂ ಇಲ್ಲ. ಆತಂಕ ಅಂತ ಸ್ಪಷ್ಟವಾಗಿ ಹಾಕಿದಾರೆ."

"ಸೊಂಟಕ್ಕೆ ಮುಲಾಮು ಹಚ್ಚಿದ್ದು ನಾನು," ಎಂದು ಹೆಂಡತಿ ಮುಂದೆ ಬಂದರು.

"ಹೆಂಡತಿ ಸಾಕ್ಷಿ ನಡೆಯಲ್ಲ," ಎಂದರು ಅತ್ತೆ. "ಮೂವತ್ತೆರಡು ವರ್ಷ ಮಕ್ಕಳ ಸುಳ್ಳು ಕೇಳಿದೀನಿ. ಹೊಟ್ಟೆನೋವು ಅಂದ್ರೆ ಹೊಟ್ಟೆ ಒತ್ತಿ ನೋಡ್ತಿದ್ದೆ. ಬಿದ್ದೆ ಅಂತೀರಾ? ಬಿದ್ದು ತೋರಿಸಿ."

"ಇಲ್ಲೇನಾ?"

"ಇಲ್ಲಲ್ಲ. ಅವಳ ಎದುರಿಗೆ. ಆ ನಗು ನಿಮ್ಮಿಂದಲೇ ಬಂದಿದ್ರೆ ಇನ್ನೊಂದು ಸಲ ಬರಬೇಕು. ಆ ದಿನ ಏನೇನಿತ್ತೋ ಎಲ್ಲಾ ತನ್ನಿ."

ಹಾಗಾಗಿ ಆ ಸಂಜೆ ಮದುಮಗಳ ತವರುಮನೆಯ ಹಾಲಿಗೆ ಒಂದು ಕ್ಯಾಮೆರಾ, ಕೊಡೆ ಕಟ್ಟಿದ ಲೈಟು, ಅದರ ವೈರು, ಒಂದು ರಟ್ಟಿನ ಪೆಟ್ಟಿಗೆ, ಎರಡ್ಕಿವಿಯವರು, ಅವರ ಹೆಂಡತಿ, ಮುಲಾಮು ಎಲ್ಲವೂ ಬಂದು ಇಳಿದವು. ಚಪ್ಪಲಿ ಬಾಗಿಲಲ್ಲಿ ಬಿಡಹೋದರೆ ಅತ್ತೆ ತಡೆದರು. "ಹಾಕ್ಕೊಂಡೇ ಬೀಳಿ. ಆ ದಿನ ಹಾಕ್ಕೊಂಡಿದ್ರಲ್ಲ."

ಹುಡುಗಿಯನ್ನು ಒಂದು ಕುರ್ಚಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ಖಾಲಿ ಕುರ್ಚಿ. ಗಂಡು ದೂರದ ಗೋಡೆಗೆ ಒರಗಿ ನಿಂತ. ಅವಳು ಅವನನ್ನು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ. ಅತ್ತು ಊದಿದ ಕಣ್ಣು, ಬಿಗಿದ ತುಟಿ, ಹಿಂದಕ್ಕೆ ಎಳೆದು ಕಟ್ಟಿದ ಕೂದಲು. ಅರ್ಜಿಗೆ ಹೇಳಿ ಮಾಡಿಸಿದ ಮುಖ. ಎರಡೂ ಕಿವಿ ಕಾಣುತ್ತಿದ್ದವು.

"ಒಂದನೇದು," ಎಂದರು ಅತ್ತೆ.

ಎರಡ್ಕಿವಿಯವರು ಕೈ ನೆಲಕ್ಕೆ ಊರಿ, ಪೆಟ್ಟಿಗೆ ಎಲ್ಲಿದೆಯೆಂದು ಎರಡು ಸಲ ನೋಡಿ, ಮೆಲ್ಲಗೆ ಅದರೊಳಗೆ ಇಳಿದರು.

"ಇದು ಬೀಳೋದಲ್ಲ, ಕೂರೋದು. ಎರಡನೇದು."

ಎರಡನೆಯ ಸಲ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬಿದ್ದರು. ಪೆಟ್ಟಿಗೆ ತಪ್ಪಿತು. ಹುಡುಗಿಯ ಅಪ್ಪ ಗಾಬರಿಯಿಂದ ಓಡಿಬಂದು ತಬ್ಬಿ ಹಿಡಿದುಕೊಂಡರು.

"ಇದು ತಬ್ಬಿಕೊಳ್ಳೋದು. ಮೂರನೇದು."

ಮೂರನೆಯದಕ್ಕೆ ಹುಡುಗಿಯ ಅಮ್ಮ, ವಯಸ್ಸಾದವರು ಪಾಪ ಎಂದು ದಿಂಬು ತಂದಿಟ್ಟರು. ದಿಂಬಿನ ಮೇಲೆ ಬಿದ್ದ ಮನುಷ್ಯನನ್ನು ನೋಡಿ ಯಾರಿಗೂ ನಗು ಬರುವುದಿಲ್ಲ, ನಿದ್ದೆ ಬರುತ್ತದೆ. ಅತ್ತೆ ಪುರವಣಿಯನ್ನು ಮಡಿಲಿಗೆ ಹಾಕಿಕೊಂಡರು. ಗಂಡು ತಲೆ ತಗ್ಗಿಸಿದ.

"ಅಂಕಲ್, ಸಾಕು," ಎಂದಳು ಹುಡುಗಿ. ಕಣ್ಣು ತುಂಬಿತ್ತು. "ಸೊಂಟ ನೋವಾಗುತ್ತೆ ನಿಮಗೆ. ನಂಬದೇ ಇರೋರಿಗೆ ನೀವು ನೂರು ಸಲ ಬಿದ್ದರೂ ಅಷ್ಟೇ."

ಇನ್ನು ಮುಗಿಯಿತೆಂದು ಅಪ್ಪ ದಿಂಬನ್ನೂ ಪೆಟ್ಟಿಗೆಯನ್ನೂ ಬಾಗಿಲ ಕಡೆ ಸರಿಸಿದರು. ಎರಡ್ಕಿವಿಯವರು ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಅವಳ ಎದುರು ನಿಂತರು.

"ನೀನು ಮಾತು ಉಳಿಸ್ಕೊಂಡೆ ಕಣಮ್ಮ. ನಾನು ಹೆಸರಿನ ಆಸೆಗೆ ನಿನ್ನ ಸಂಸಾರಕ್ಕೇ ಕಲ್ಲು ಹಾಕಿದೆ. ತಪ್ಪಾಯ್ತು. ಹೋಗಿ ಬರ್ತೀನಿ."

ಅವಳು ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. ಆ ರಭಸಕ್ಕೆ ಕೂದಲಿನ ಎಳೆಯೊಂದು ಬಿಚ್ಚಿ ಬಲಗಿವಿಯ ಮೇಲೆ ಜಾರಿತು.

ಹುಟ್ಟುಗುಣ ಸುಟ್ಟರೂ ಹೋಗದು. ಎರಡ್ಕಿವಿಯವರ ಕೈ ತಾನಾಗಿ ಮೇಲೆದ್ದಿತು. "ಅಮ್ಮಾ, ಆ ಕೂದಲು ಸ್ವಲ್ಪ ಹಿಂದೆ," ಎಂದರು. ಒಂದು ಹೆಜ್ಜೆ ಹಿಂದೆ ಸರಿದರು. "ಎರಡೂ ಕಿವಿ..." ಇನ್ನೊಂದು ಹೆಜ್ಜೆ.

ವೈರು ತನ್ನ ಕೆಲಸ ಮರೆತಿರಲಿಲ್ಲ.

ಲೈಟು ವಾಲಿತು. ಅದರ ಕೊಡೆ ನೇರವಾಗಿ ಹೋಗಿ ಹೆಡ್‌ಮಿಸ್ಸಿನ ತಲೆಯ ಮೇಲೆ ಟೋಪಿಯ ಹಾಗೆ ಕೂತಿತು. ಎಡಗಾಲಿನ ಚಪ್ಪಲಿ ಫ್ಯಾನಿನವರೆಗೆ ಹಾರಿ, ತಿರುಗಿ, ಅತ್ತೆಯ ಮಡಿಲಲ್ಲಿದ್ದ ಪುರವಣಿಯ ಮೇಲೆ, ಸರಿಯಾಗಿ ಆತಂಕದ ಪಕ್ಕದಲ್ಲಿ ಇಳಿಯಿತು. ಎರಡ್ಕಿವಿಯವರು ಬಾಗಿಲ ಬಳಿಯ ಪೆಟ್ಟಿಗೆಯೊಳಗೆ ಹೂತುಹೋದರು. ಮೇಲೆ ಕಾಣುತ್ತಿದ್ದದ್ದು ಎರಡು ಕಾಲು, ಒಂದು ಚಪ್ಪಲಿ, ಒಂದು ಕ್ಯಾಮೆರಾ, ಎರಡು ಕಿವಿ.

ಮೊದಲು ಒಂದು ಸಣ್ಣ ಸದ್ದು ಬಂತು. ಆಮೇಲೆ ಹುಡುಗಿ ತಲೆಯನ್ನು ಹಿಂದಕ್ಕೆ ಎಸೆದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಳುತ್ತಲೇ ನಕ್ಕಳು. ಕೂದಲಿನ ಎಳೆ ಬಲಗಿವಿಯನ್ನು ಪೂರ್ತಿ ಮುಚ್ಚಿತ್ತು.

ಅತ್ತೆ ಕೊಡೆಯ ಕೆಳಗಿನಿಂದ ಅವಳನ್ನು ನೋಡಿದರು, ಫೋಟೋ ನೋಡಿದರು. ಚಪ್ಪಲಿಯನ್ನು ಎತ್ತಿ ಆತಂಕದ ಪಕ್ಕ ಹಿಡಿದು ನೋಡಿದರು. "ಬಾರು ಕೂಡ ಇದೇ," ಎಂದು ಒಪ್ಪಿಕೊಂಡರು. ಮೂವತ್ತೆರಡು ವರ್ಷದ ಬಿಗಿಯೆಲ್ಲ ಸಡಿಲವಾಗಿ, ಕೊಡೆ ಅಲುಗಾಡುವಷ್ಟು ಅವರೂ ನಕ್ಕರು.

ಗಂಡು ಗೋಡೆ ಬಿಟ್ಟು ಬಂದ. ಖಾಲಿ ಕುರ್ಚಿಯ ಮೇಲೆ ಧೊಪ್ಪನೆ ಕೂತ. "ನಾನು ಕತ್ತೆ ಕಣೇ," ಎಂದ.

"ಗೊತ್ತು," ಎಂದಳು ಅವಳು, ನಗು ನಿಲ್ಲಿಸಲಾಗದೆ. "ಆ ಪೆಟ್ಟಿಗೆ ನೋಡಿ. ಮೊದಲ ಸಲ ಅದನ್ನ ಹಾಕ್ಕೊಂಡು ನಾಲ್ಕು ಹೆಜ್ಜೆ ನಡೆದ್ರು!" ಅವನಿಗೂ ತಡೆಯಲಾಗಲಿಲ್ಲ.

ಎರಡ್ಕಿವಿಯವರನ್ನು ಎತ್ತಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವರು ಪೆಟ್ಟಿಗೆಯಲ್ಲೇ ಕೂತು ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟರು. ಗದ್ದ ಎಲ್ಲೋ, ಕಣ್ಣು ಎಲ್ಲೋ, ಕಿವಿಗಳ ವಿಚಾರ ಕೇಳುವುದೇ ಬೇಡ. ಅವರು ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ಬಾಳಿನಲ್ಲಿ ಮೊದಲ ಸಲ ಏನೂ ಹೇಳದೆ ಗುಂಡಿ ಒತ್ತಿದರು.

ಭಾನುವಾರ ಸಂಘದ ಸನ್ಮಾನದಲ್ಲಿ ಅವರು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಬಿದ್ದೆ, ಅದಾಗಿ ಅದು ಬಂತು, ನನ್ನದೇನೂ ಇಲ್ಲ." ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಕಣ್ಣೊರೆಸಿಕೊಂಡು, ಇಂಥ ವಿನಯ ತಾವು ಎಲ್ಲೂ ಕಂಡಿಲ್ಲ ಎಂದರು. ಮುಂದಿನ ವಾರವೇ ಮದುವೆ ಗೊತ್ತಾದ ಜೋಡಿಯೊಂದು ಅಂಗಡಿಗೆ ಬಂದು, "ಸಾರ್, ನಮ್ಮ ಮದುವೇಲೂ ಬೀಳ್ತೀರಾ?" ಎಂದು ಕೇಳಿತು.

ಅವರನ್ನು ಸಾಗಹಾಕಿ ಎರಡ್ಕಿವಿಯವರು ಗೋಡೆಯ ಕಡೆ ನೋಡಿದರು. ಅಲ್ಲಿ ಹಲ್ಲು ಕೀಳಿಸಿಕೊಳ್ಳಲು ಬಂದ ಹೆಂಡತಿ ಇಪ್ಪತ್ತಾರು ವರ್ಷದಿಂದ ಹಾಗೇ ಕಾಯುತ್ತಿದ್ದರು.

"ಏ ಇವಳೇ, ಬಾ ಇಲ್ಲಿ. ನಿನ್ನದೊಂದು ತೆಗೀತೀನಿ."

ಹೆಂಡತಿ ಬಂದು ಸ್ಟೂಲಿನ ಮೇಲೆ ಕೂತರು. ಗದ್ದ ಸ್ವಲ್ಪ ಮೇಲೆ ಮಾಡಿದರು. ಕೂದಲನ್ನು ಎರಡೂ ಕಿವಿಯ ಹಿಂದೆ ಸಿಕ್ಕಿಸಿದರು. ಅಭ್ಯಾಸ.

"ಕಿವಿ ಹಾಳಾಗಿ ಹೋಗ್ಲಿ," ಎಂದರು ಎರಡ್ಕಿವಿಯವರು. "ನೀನು ನಗು."

ಹೆಂಡತಿ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. "ಸುಮ್ಮನೆ ನಗು ಅಂದ್ರೆ ಬರುತ್ತೇನ್ರೀ? ಯಾರ್ಯಾರಿಗೋ ಬಿದ್ದು ತೋರಿಸ್ತೀರಾ. ಕಟ್ಕೊಂಡವಳಿಗೆ ಒಂದು ಸಲನಾದ್ರೂ?"

ಎರಡ್ಕಿವಿಯವರು ಸೊಂಟ ಮುಟ್ಟಿ ನೋಡಿಕೊಂಡರು. ಆಮೇಲೆ ಕ್ಯಾಮೆರಾವನ್ನು ಕಣ್ಣಿಗೆ ಏರಿಸಿ, ಲೈಟಿನ ವೈರು ಎಲ್ಲಿದೆ ಎಂದು ನೋಡದೆ, ಹಿಂದೆ ಹಿಂದೆ ಸರಿಯತೊಡಗಿದರು.